ಒಂಬತ್ತನೇ ಕ್ಲಾಸಿನವರಿಗೆ ಕೆಆರ್‌ಎ ಯಾಕೆ ಸ್ವಾಮೀ?

ಜೂನ್ ಬಂತು ಅಂದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಒಂದು ಮೇಲ್ ಓಡಾಡೋಕೆ ಶುರುವಾಗುತ್ತೆ. ಬರುವ ಶನಿವಾರ ಬೆಳಗ್ಗೆ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ 'ಗೋಲ್ ಸೆಟ್ಟಿಂಗ್' ಕಾರ್ಯಾಗಾರ, ಇಪ್ಪತ್ತು ಮಂದಿ ವಾಲಂಟಿಯರ್‌ಗಳು ಬೇಕು. ಬಸ್ಸು, ತಿಂಡಿ, ಟೀ ಶರ್ಟು ಕಂಪನಿಯದ್ದು. ಹೋಗ್ತೀವಿ. ಮೂರು ಗಂಟೆ ಇರ್ತೀವಿ. ಪ್ರೊಜೆಕ್ಟರ್ ಕೈಕೊಟ್ಟರೆ ಲ್ಯಾಪ್‌ಟಾಪನ್ನೇ ಎತ್ತಿ ಹಿಡಿದು ಸ್ಲೈಡ್ ತೋರಿಸ್ತೀವಿ. ಕೊನೆಗೆ ಮಕ್ಕಳ ಕೈಗೆ ಬಣ್ಣದ ಹಾಳೆ ಕೊಟ್ಟು 'ನನ್ನ ಗುರಿ' ಅಂತ ಬರೆಸಿ, ಆ ಹಾಳೆಯನ್ನ ಎದೆಗೆ ಹಿಡಿಸಿ ನಿಲ್ಲಿಸಿ ಫೋಟೋ ತೆಗೆದು, ಮಧ್ಯಾಹ್ನದ ಹೊತ್ತಿಗೆ ವಾಪಸ್. ಸೋಮವಾರ ಲಿಂಕ್ಡ್‌ಇನ್‌ನಲ್ಲಿ ಪೋಸ್ಟು.

ಆ ಹಾಳೆಗಳಲ್ಲಿ ಏನಿರುತ್ತೆ ಅಂತ ಹೋದವರಿಗೆಲ್ಲ ಗೊತ್ತು. ಐಎಎಸ್, ಡಾಕ್ಟರ್, ಎಂಜಿನಿಯರ್, ಪೊಲೀಸ್, ಟೀಚರ್. ಅರವತ್ತು ಮಕ್ಕಳು, ಐದೋ ಆರೋ ಉತ್ತರ. ಪಕ್ಕದವನ ಹಾಳೆ ನೋಡಿ ಬರೆದದ್ದು ಕೆಲವು, ಮೇಷ್ಟ್ರ ಮುಖ ನೋಡಿ ಬರೆದದ್ದು ಕೆಲವು. ಹೊಸಬರು ಬಂದು 'ನೀನು ಏನಾಗ್ತೀಯ' ಅಂತ ಕೇಳಿದಾಗ ಅವರಿಗೆ ಖುಷಿಯಾಗುವ ಉತ್ತರ ಕೊಡಬೇಕು ಅನ್ನೋದನ್ನ ನಮ್ಮ ಮಕ್ಕಳು ಅಂಗನವಾಡಿಯಲ್ಲೇ ಕಲಿತಿರ್ತಾರೆ.

ಈ ಕಾರ್ಯಾಗಾರ ದಂಡ ಅಷ್ಟೇ ಆಗಿದ್ದಿದ್ರೆ ನಾನು ಬರೀತಾ ಕೂರ್ತಿರಲಿಲ್ಲ. ಮೂರು ಗಂಟೆ ಹೋಯ್ತು, ಮಕ್ಕಳಿಗೊಂದು ಬಿಸ್ಕೆಟ್ ಪ್ಯಾಕು ಸಿಕ್ತು ಅಂತ ಬಿಡಬಹುದಿತ್ತು. ಆದ್ರೆ ನಾವು ಈಗ ಕಲಿಸ್ತಾ ಇರೋ ರೀತಿಯಲ್ಲಿ ಗುರಿ ಕಲಿಸಿದರೆ ಅದು ಮಕ್ಕಳಿಗೆ ಕೆಡುಕು ಮಾಡುತ್ತೆ ಅನ್ನೋದು ನನ್ನ ವಾದ. ಶಾಲೆ, ಸರ್ಕಾರ, ಅಪ್ಪ ಅಮ್ಮ, ನಾವು ನೀವು ಹೊರಬೇಕಾದ ಭಾರವನ್ನೆಲ್ಲ ಒಂದು ಬಣ್ಣದ ಹಾಳೆಯಲ್ಲಿ ಸುತ್ತಿ ಹದಿನಾಲ್ಕು ವರ್ಷದ ಮಗುವಿನ ತಲೆ ಮೇಲಿಟ್ಟು, ಕೆಳಗೆ ಅದರದ್ದೇ ಸಹಿ ಹಾಕಿಸ್ಕೊಂಡು ಬರ್ತೀವಿ.

ಮೊದಲು ಆ ಸ್ಲೈಡಿನ ಜಾತಕ ನೋಡೋಣ. 'ಸ್ಮಾರ್ಟ್' ಸೂತ್ರ ನಿಮಗೆ ಬಾಯಿಪಾಠ: ಗುರಿ ಸ್ಪೆಸಿಫಿಕ್ ಆಗಿರಬೇಕು, ಮೆಷರಬಲ್ ಆಗಿರಬೇಕು, ಅಚೀವಬಲ್, ರಿಯಲಿಸ್ಟಿಕ್, ಟೈಮ್ ಬೌಂಡ್. ಪ್ರತಿ ಏಪ್ರಿಲ್‌ನಲ್ಲಿ ಪೋರ್ಟಲ್ ತೆರೆದು ಕೆಆರ್‌ಎ ತುಂಬುವಾಗ ಬೈಕೊಂಡು ತುಂಬ್ತೀರಲ್ಲ, ಅದೇ. ಈ ಸೂತ್ರ ಮೊದಲು ಅಚ್ಚಾದದ್ದು 1981ರ ನವೆಂಬರ್‌ನಲ್ಲಿ, ಅಮೆರಿಕದ 'ಮ್ಯಾನೇಜ್‌ಮೆಂಟ್ ರಿವ್ಯೂ' ಪತ್ರಿಕೆಯಲ್ಲಿ. ಬರೆದವರು ಜಾರ್ಜ್ ಡೋರನ್, ಒಂದು ವಿದ್ಯುತ್ ಕಂಪನಿಯ ಯೋಜನಾ ವಿಭಾಗದಲ್ಲಿದ್ದು ಆಮೇಲೆ ಸಲಹೆಗಾರರಾದವರು. ಕಂಪನಿಯ ಮ್ಯಾನೇಜರುಗಳು ತಮ್ಮ ವಿಭಾಗದ ಉದ್ದೇಶಗಳನ್ನ ಕಾಗದದ ಮೇಲೆ ಹೇಗೆ ಬರೀಬೇಕು ಅನ್ನೋದಷ್ಟೇ ಆ ಲೇಖನದ ವಿಷಯ. ಮಕ್ಕಳ ಸುದ್ದಿ ಇಲ್ಲ, ಬದುಕಿನ ಸುದ್ದಿ ಇಲ್ಲ.

ಅದಕ್ಕಿಂತ ಮುಖ್ಯ, ಡೋರನ್ ಅವರ ಪಟ್ಟಿಯಲ್ಲಿ 'ಎ' ಅಕ್ಷರಕ್ಕೆ ಅಚೀವಬಲ್ ಅನ್ನೋ ಅರ್ಥವೇ ಇರಲಿಲ್ಲ. ಅಲ್ಲಿದ್ದದ್ದು ಅಸೈನಬಲ್. ಅಂದ್ರೆ ಈ ಕೆಲಸ ಯಾರ ಹೊಣೆ ಅಂತ ಹೇಳೋಕೆ ಬರಬೇಕು. 'ಆರ್' ಅಂದ್ರೆ ಕೈಯಲ್ಲಿರುವ ಸಂಪನ್ಮೂಲದಲ್ಲಿ ನಿಜವಾಗಿ ಎಷ್ಟು ಸಾಧ್ಯವೋ ಅಷ್ಟು. ಎಲ್ಲವನ್ನೂ ಅಂಕಿಯಲ್ಲಿ ಅಳೆಯಲೇಬೇಕು ಅಂತೇನಿಲ್ಲ, ಪ್ರತಿ ಗುರಿಗೂ ಐದೂ ಗುಣ ಇರಲೇಬೇಕು ಅಂತಲೂ ಇಲ್ಲ ಅಂತ ಅದೇ ಲೇಖನದಲ್ಲಿ ಅವರು ಬರೆದಿದ್ದರು. ಹೊಣೆ ಯಾರದ್ದು, ಸಂಪನ್ಮೂಲ ಎಲ್ಲಿದೆ ಅನ್ನೋ ಎರಡೇ ಎರಡು ಕೆಲಸದ ಪ್ರಶ್ನೆ ಆ ಸೂತ್ರದಲ್ಲಿದ್ದವು. ನಲವತ್ತು ವರ್ಷ ಕೈಯಿಂದ ಕೈಗೆ ದಾಟಿ ನಮ್ಮ ಶಾಲೆಗೆ ಬರುವಷ್ಟರಲ್ಲಿ ಅವೆರಡೂ ಉದುರಿಹೋಗಿವೆ.

ಉದುರಿದ್ದರಿಂದ ಏನಾಗುತ್ತೆ ಅಂತ ಒಂದು ಶಾಲೆಯಲ್ಲಿ ಕಣ್ಣಾರೆ ನೋಡಿದ್ದೀನಿ. ಊರಿನ ಹೆಸರು ಬೇಡ. ಹಿಂದಿನ ಬೆಂಚಿನ ಹುಡುಗನೊಬ್ಬ ಹಾಳೆಯಲ್ಲಿ ಬರೆದಿದ್ದ: 'ನಮ್ಮ ಶಾಲೆಗೆ ಗಣಿತದ ಮೇಷ್ಟ್ರು ಬರಬೇಕು.' ಅಷ್ಟೇ. ಅವರಿಗೆ ಆ ವರ್ಷ ವಿಜ್ಞಾನದ ಟೀಚರ್ರೇ ಪುರುಸೊತ್ತಾದಾಗ ಗಣಿತ ನೋಡ್ಕೋತಿದ್ದರು. ನಮ್ಮ ವಾಲಂಟಿಯರ್ ಹುಡುಗಿ ಒಳ್ಳೆಯವಳೇ, ಪ್ರೀತಿಯಿಂದಲೇ ಹೇಳಿದಳು: "ಪುಟ್ಟಾ, ಇದು ನಿನ್ನ ಕಂಟ್ರೋಲ್‌ನಲ್ಲಿ ಇಲ್ವಲ್ಲ. ನಿನ್ನ ಕೈಲಾಗೋದನ್ನ ಬರಿ." ಅವನು ರಬ್ಬರ್ ತಗೊಂಡು ಅಳಿಸಿ 'ಗಣಿತದಲ್ಲಿ 90' ಅಂತ ಬರೆದ. ಅವಳು ಪಕ್ಕದಲ್ಲಿ ಒಂದು ಸ್ಟಾರ್ ಹಾಕಿದಳು.

ಯೋಚನೆ ಮಾಡಿ. ಆ ಕೋಣೆಯಲ್ಲಿದ್ದ ಅರವತ್ತು ಹಾಳೆಗಳಲ್ಲಿ ಡೋರನ್ ಪರೀಕ್ಷೆ ಪಾಸಾಗುವ ಗುರಿ ಇದ್ದದ್ದು ಅದೊಂದೇ. ಬೇಕಾದ್ದು ಏನು ಅಂತ ಸ್ಪಷ್ಟ. ಅಳತೆ ಒಂದು: ಮೇಷ್ಟ್ರು ಬಂದರೋ ಇಲ್ವೋ. ಹೊಣೆ ಯಾರದ್ದು ಅನ್ನೋದೂ ಗೊತ್ತಿರುವಂಥದ್ದೇ: ಶಿಕ್ಷಣ ಇಲಾಖೆಯದ್ದು. ಕಾಯಂ ಹುದ್ದೆ ತುಂಬೋಕೆ ತಡವಾದರೆ ಅತಿಥಿ ಶಿಕ್ಷಕರನ್ನ ತಗೊಳ್ಳುವ ದಾರಿ ಇಲಾಖೆಯಲ್ಲೇ ಇದೆ, ಪ್ರತಿ ವರ್ಷ ತಗೋತಾರೆ ಕೂಡ. ಶಾಲೆಗೆ ಎಸ್‌ಡಿಎಂಸಿ ಅನ್ನೋ ಸಮಿತಿ ಇದೆ, ಅದರಲ್ಲಿ ಪೋಷಕರಿದ್ದಾರೆ, ಅವರು ಬಿಇಒ ಕಚೇರಿಗೆ ಅರ್ಜಿ ಹಾಕಬಹುದು. ಇಪ್ಪತ್ತು ಜನ ಪದವೀಧರರು ಆವತ್ತು ಆ ಶಾಲೆಯಲ್ಲಿದ್ದೆವು. ಒಂದು ಅರ್ಜಿ ಬರೆಯೋಕೆ ನಮ್ಮಿಂದ ಆಗ್ತಿರಲಿಲ್ವಾ? ಆದ್ರೆ ನಮ್ಮ ಸ್ಲೈಡಿನ ಪ್ರಕಾರ ಅದು ಗುರಿಯೇ ಅಲ್ಲ. ಮೇಷ್ಟ್ರಿಲ್ಲದ ಕ್ಲಾಸಲ್ಲಿ ತೊಂಬತ್ತು ತಗೋತೀನಿ ಅಂತ ಹುಡುಗ ಸಹಿ ಹಾಕಿದರೆ ಮಾತ್ರ ಅದು ಗುರಿ.

ಮಾರ್ಚಿಯಲ್ಲಿ ಅವನಿಗೆ ನಲವತ್ತು ಬಂದರೆ ತಪ್ಪು ಯಾರದ್ದು? ಹಾಳೆ ಹೇಳುತ್ತೆ, ಅವನದ್ದು. ಅವನೇ ಬರೆದದ್ದಲ್ವಾ?

ಇನ್ನು ಕಾರ್ಯಾಗಾರದ ಕಥೆಗಳಿಗೆ ಬರೋಣ. ಎರಡು ಕಥೆ ಗ್ಯಾರಂಟಿ. ಒಂದು ಅರ್ಜುನನದ್ದು, ಇನ್ನೊಂದು ಅಮೆರಿಕದ್ದು.

ಅರ್ಜುನನ ಕಥೆ ಎಲ್ರಿಗೂ ಗೊತ್ತು. ದ್ರೋಣರು ಮರದ ಮೇಲೆ ಹಕ್ಕಿ ಇಟ್ಟು ಏನು ಕಾಣ್ತಿದೆ ಅಂತ ಕೇಳಿದರು. ಒಬ್ಬನಿಗೆ ಮರ ಕಾಣ್ತು, ಒಬ್ಬನಿಗೆ ಕೊಂಬೆ ಕಾಣ್ತು, ಅರ್ಜುನನಿಗೆ ಮಾತ್ರ ಹಕ್ಕಿಯ ಕಣ್ಣು. ಸ್ವಂತ ಗುರಿ ಇಟ್ಕೊಳ್ಳೋದನ್ನ ಕಲಿಸೋಕೆ ಇದಕ್ಕಿಂತ ಕೆಟ್ಟ ಉದಾಹರಣೆ ಇನ್ನೊಂದಿಲ್ಲ. ಆ ಹಕ್ಕಿಯನ್ನ ಇಟ್ಟವರು ಯಾರು? ದ್ರೋಣರು. ಬಿಲ್ಲು ಬಾಣ ಕೊಟ್ಟವರು? ಅರಮನೆ. ಅರ್ಜುನ ಮಾಡಿದ್ದು ಗುರುಗಳು ಕೊಟ್ಟ ಟಾರ್ಗೆಟ್ ಹೊಡೆದದ್ದು. ತಾನೇ ಗುರಿ ಇಟ್ಕೊಂಡು, ಮಣ್ಣಿನ ಮೂರ್ತಿಯ ಮುಂದೆ ತಾನೇ ಕಲಿತವನು ಅದೇ ಕಥೆಯಲ್ಲಿ ಇನ್ನೊಬ್ಬ ಇದ್ದ. ಅವನ ಹೆಬ್ಬೆರಳಿಗೆ ಏನಾಯ್ತು ಅಂತ ಸರ್ಕಾರಿ ಶಾಲೆಯ ಮಕ್ಕಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಮುಂದೆ ಗುರಿ, ಹಿಂದೆ ಗುರು' ಅಂತ ಗೋಡೆ ಮೇಲೆ ಬರೆದಿರುತ್ತೆ. ಏಕಲವ್ಯನ ಹಿಂದೆ ಯಾರಿದ್ದರು ಅಂತ ಒಬ್ಬ ಹುಡುಗ ಎದ್ದು ಕೇಳಿದರೆ ನಮ್ಮ ಸ್ಲೈಡಿನಲ್ಲಿ ಉತ್ತರ ಇಲ್ಲ.

ಅಮೆರಿಕದ ಕಥೆ ಇನ್ನೂ ಚಂದ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳನ್ನ ಕೇಳಿದರಂತೆ, ಅವರಲ್ಲಿ ಶೇ 3ರಷ್ಟು ಮಂದಿ ಮಾತ್ರ ತಮ್ಮ ಗುರಿಯನ್ನ ಬರೆದಿಟ್ಟಿದ್ದರಂತೆ, ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಆ ಶೇ 3ರ ಆಸ್ತಿ ಉಳಿದ ಶೇ 97ರ ಒಟ್ಟು ಆಸ್ತಿಗಿಂತ ಜಾಸ್ತಿ ಇತ್ತಂತೆ. ಕೆಲವರ ಬಾಯಲ್ಲಿ ಇದೇ ಕಥೆ ಹಾರ್ವರ್ಡ್‌ನದ್ದಾಗುತ್ತೆ. ಇಂಥ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ 'ಫಾಸ್ಟ್ ಕಂಪನಿ' ಪತ್ರಿಕೆ ಇದರ ಬೆನ್ನು ಹತ್ತಿ, ಈ ಕಥೆ ಹೇಳ್ತಿದ್ದ ಭಾಷಣಕಾರರನ್ನ ಒಬ್ಬೊಬ್ಬರನ್ನಾಗಿ ಕೇಳ್ತಾ ಹೋಯ್ತು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು, ಮೂಲ ಎಲ್ಲೂ ಸಿಗಲಿಲ್ಲ. ತಮ್ಮಲ್ಲಿ ಇಂಥದ್ದೊಂದು ನಡೆದ ದಾಖಲೆಯೇ ಇಲ್ಲ ಅಂತ ಯೇಲ್ ಕೂಡ ಹೇಳಿದೆ. ಆದರೂ ಅದು ಇವತ್ತಿಗೂ ನಮ್ಮ ಹೈಸ್ಕೂಲುಗಳಲ್ಲಿ ತಿರುಗಾಡ್ತಾ ಇದೆ. ಆಫೀಸಲ್ಲಿ ಯಾರಾದರೂ ಮೂಲವಿಲ್ಲದ ಡೇಟಾ ತಂದರೆ ಮೀಟಿಂಗಲ್ಲೇ ಹರಿದು ಹಾಕ್ತೀವಿ. ಮಕ್ಕಳ ಮುಂದೆ ಅದೇ ಸರಕನ್ನ ಸೋವಿಯಾಗಿ ಹಂಚ್ತೀವಿ.

ಹಾಗಂತ ಗುರಿ ಇಟ್ಕೊಳ್ಳೋದೇ ಬೊಗಳೆ ಅಂತ ನಾನು ಹೇಳ್ತಿಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ದಶಕಗಟ್ಟಲೆ ಇದೇ ಕೆಲಸ ಮಾಡಿದ್ದಾರೆ. 'ನಿನ್ನ ಕೈಲಾದಷ್ಟು ಮಾಡು' ಅನ್ನೋದಕ್ಕಿಂತ ಖಚಿತವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟಾಗ ಜನ ಚೆನ್ನಾಗಿ ಕೆಲಸ ಮಾಡ್ತಾರೆ ಅನ್ನೋದು ಅವರ ಮುಖ್ಯ ಮಾತು, ಅದಕ್ಕೆ ಬೇಕಾದಷ್ಟು ಆಧಾರ ಇದೆ. ಆದ್ರೆ ಅವರು ಷರತ್ತುಗಳನ್ನೂ ಹೇಳಿದ್ದಾರೆ. ಆ ಕೆಲಸ ಮಾಡುವ ಸಾಮರ್ಥ್ಯ ಇರಬೇಕು. ಆ ಗುರಿ ತನ್ನದು ಅನ್ನೋ ಬದ್ಧತೆ ಇರಬೇಕು. ಎಲ್ಲಿಗೆ ಬಂದೆ ಅಂತ ನಡುನಡುವೆ ಯಾರಾದರೂ ಹೇಳ್ತಿರಬೇಕು. ನಮ್ಮ ಶನಿವಾರದ ಕಾರ್ಯಾಗಾರ ಈ ಮೂರನ್ನೂ ಬಿಟ್ಟು ಮೊದಲಿನ ಸಾಲನ್ನ ಮಾತ್ರ ತಂದಿದೆ. ಔಷಧಿಯ ಹೆಸರು ಓದಿ, ಡೋಸು ಓದದೆ ಕುಡಿಸಿದ ಹಾಗೆ.

ಸಾಮರ್ಥ್ಯದ ಷರತ್ತು ಯಾಕೆ ದೊಡ್ಡದು ಅನ್ನೋದಕ್ಕೆ ರುತ್ ಕ್ಯಾನ್‌ಫರ್ ಮತ್ತು ಫಿಲಿಪ್ ಅಕರ್‌ಮನ್ 1989ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಅಮೆರಿಕದ ವಾಯುಪಡೆಯ ತರಬೇತಿಯಲ್ಲಿದ್ದವರಿಗೆ ಕಂಪ್ಯೂಟರಿನಲ್ಲಿ ವಿಮಾನಗಳನ್ನ ಇಳಿಸುವ ಏರ್ ಟ್ರಾಫಿಕ್ ಕಂಟ್ರೋಲ್ ಕೆಲಸ ಕೊಟ್ಟರು. ಕೆಲಸ ಇನ್ನೂ ಕಲೀತಿರುವಾಗಲೇ ಇಷ್ಟು ಅಂಕ ತಲುಪಬೇಕು ಅಂತ ಗುರಿ ಹೇರಿದಾಗ ಅದು ಕಲಿಕೆಗೇ ಅಡ್ಡ ಬಂತು. ಕೆಲಸ ಒಂದಿಷ್ಟು ಕೈಗೆ ಹತ್ತಿದ ಮೇಲೆ ಗುರಿ ಕೊಟ್ಟಾಗ ಅದು ನೆರವಿಗೆ ಬಂತು. ಕಾರಣ ಸರಳ. ಹೊಸ ಕೆಲಸ ಕಲಿಯುವಾಗ ಮನಸ್ಸಿನ ಗಮನವೆಲ್ಲ ಅಲ್ಲೇ ಬೇಕು. ಅದರಲ್ಲಿ ಅರ್ಧ ಗಮನವನ್ನ ಸ್ಕೋರ್ ಬೋರ್ಡಿಗೆ ಕೊಟ್ಟರೆ ಕೈಯಲ್ಲಿರೋ ವಿಮಾನ ಇಳಿಸೋರು ಯಾರು?

ಈಗ ಬೀಜಗಣಿತ ಕಲೀತಿರುವ ಮಗುವಿನ ಜಾಗದಲ್ಲಿ ಇದನ್ನಿಟ್ಟು ನೋಡಿ. ವರ್ಗ ಸಮೀಕರಣ ಅಂದ್ರೆ ಏನು ಅಂತಲೇ ತಿಳಿಯದ ಮಗುವಿಗೆ 'ಗಣಿತದಲ್ಲಿ 90' ಅನ್ನೋ ಗುರಿ ಹೆದರಿಕೆ ಮಾತ್ರ ಕೊಡುತ್ತೆ. 'ಈ ತಿಂಗಳು ವರ್ಗ ಸಮೀಕರಣ ಬಿಡಿಸೋಕೆ ಎರಡು ವಿಧಾನ ಕಲಿತು, ಒಂದನ್ನ ಪಕ್ಕದವಳಿಗೆ ಹೇಳಿಕೊಡ್ತೀನಿ' ಅನ್ನೋ ಗುರಿ ದಾರಿ ಕೊಡುತ್ತೆ. ಎರಡರ ಫಲವೂ ಕೊನೆಗೆ ಅಂಕವೇ ಇರಬಹುದು. ಆದ್ರೆ ನಾಳೆ ಬೆಳಗ್ಗೆ ಎದ್ದು ಮಾಡಬೇಕಾದ್ದು ಏನು ಅಂತ ಹೇಳೋದು ಎರಡನೆಯದು ಮಾತ್ರ.

ಅಂಕಿಯ ಗುರಿಯ ಇನ್ನೊಂದು ಕಾಯಿಲೆ ನಿಮಗೆ ಆಫೀಸಿನಿಂದಲೇ ಗೊತ್ತು. ಅಂಕಿ ಮುಟ್ಟಲೇಬೇಕು ಅಂದಾಗ ಜನ ಅಂಕಿಯನ್ನೇ ಮುಟ್ತಾರೆ, ಕೆಲಸವನ್ನಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಒಬ್ಬೊಬ್ಬ ಗ್ರಾಹಕನಿಗೂ ಎಂಟು ಖಾತೆ-ಕಾರ್ಡು ಮಾರಬೇಕು ಅಂತ ಸಿಬ್ಬಂದಿಗೆ ಹೇಳ್ತಾ ಬಂತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದ ಹಾಗೆ ಖಾತೆ ತೆರೀತಾ ಹೋದರು. 2016ರಲ್ಲಿ ಹೊರಬಿದ್ದಾಗ ಸುಮಾರು 5,300 ಮಂದಿಯನ್ನ ಕೆಲಸದಿಂದ ತೆಗೆದಿದ್ದು ಬಯಲಾಯ್ತು. ಗುರಿ ಇಟ್ಟವರಿಗಿಂತ ಮೊದಲು ಮನೆಗೆ ಹೋದವರು ಗುರಿ ಮುಟ್ಟೋಕೆ ಒದ್ದಾಡಿದವರು.

ಅಷ್ಟು ದೂರ ಯಾಕೆ? ನಮ್ಮ ಎಸ್ಸೆಸ್ಸೆಲ್ಸಿಯನ್ನೇ ತಗೊಳ್ಳಿ. ಫಲಿತಾಂಶದ ಶೇಕಡಾವಾರಿನಲ್ಲಿ ಜಿಲ್ಲೆಗೆ ಜಿಲ್ಲೆ, ತಾಲ್ಲೂಕಿಗೆ ತಾಲ್ಲೂಕು ಪೈಪೋಟಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ 73.40ಕ್ಕೆ ಇಳೀತು. ಅದೂ ಕೃಪಾಂಕವನ್ನ ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಿಬಿಟ್ಟರಾ? ದೊಡ್ಡವರು ಇಷ್ಟು ವರ್ಷ ಅಂಕಿಯನ್ನ ಹೇಗೆ ಸಾಕ್ಕೊಂಡು ಬಂದಿದ್ದರು ಅನ್ನೋದನ್ನ ಕ್ಯಾಮೆರಾ ತೋರಿಸ್ತು ಅಷ್ಟೇ. ಇಂಥ ವ್ಯವಸ್ಥೆಯೊಳಗೆ ಕೂತಿರುವ ಮಗುವಿಗೆ ನಾವು ಹೋಗಿ 'ಅಳೆಯಬಹುದಾದ ಗುರಿ ಇಟ್ಕೋ' ಅಂತ ಉಪದೇಶ ಮಾಡ್ತೀವಿ. ಅಳತೆ ಅಂದ್ರೆ ಏನು ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಸರಿ, ಟೀಕೆ ಸಾಕು, ಏನು ಕಲಿಸಬೇಕು ಹೇಳಿ ಅಂತೀರಾ? ಹೇಳ್ತೀನಿ. ಇದಕ್ಕೆ ಪ್ರೊಜೆಕ್ಟರ್ ಬೇಡ.

ಮೊದಲು, ಗುರಿಯನ್ನ ಚಿಕ್ಕದು ಮಾಡಿ. ಹದಿನಾಲ್ಕು ವರ್ಷದ ಮಗುವಿಗೆ ಹತ್ತು ವರ್ಷದಾಚೆಯ ಗುರಿ ಬರೆಸೋದು ಬಿಟ್ಟು ನಾಲ್ಕು ವಾರದ್ದನ್ನ ಕೇಳಿ. ವಿಷಯ ಅದರ ಇಷ್ಟ. ಸೈಕಲ್ ಕಲಿಯೋದಿರಬಹುದು, ಕ್ಲಾಸಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳೋದಿರಬಹುದು, ತಂಗಿಗೆ ಓದೋಕೆ ಕಲಿಸೋದಿರಬಹುದು. 'ಖೋ ಖೋ ಟೀಮಿಗೆ ಸೇರಬೇಕು' ಅಂದ್ರೆ 'ಅದರಿಂದ ಏನು ಉಪಯೋಗ' ಅಂತ ಕೇಳಬೇಡಿ. ತಾನೇ ಆರಿಸಿದ ಒಂದು ಚಿಕ್ಕ ಕೆಲಸವನ್ನ ತಾನೇ ಮಾಡಿ ಮುಗಿಸಿದ ಅನುಭವ ಇಲ್ಲದವನಿಗೆ ಐಎಎಸ್ ಅನ್ನೋ ಪದ ಬರೀ ಸದ್ದು.

ಎರಡನೆಯದು, 'ಯಾವಾಗ, ಎಲ್ಲಿ' ಅನ್ನೋದನ್ನ ಕಲಿಸಿ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಇದನ್ನ ಬಹಳ ಸರಳವಾಗಿ ತೋರಿಸಿದ್ದಾರೆ. ಕ್ರಿಸ್ಮಸ್ ಹಬ್ಬದ ಹಿಂದಿನ ಸಂಜೆ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧ ಜನಕ್ಕೆ ಮಾತ್ರ, ಅದನ್ನ ಎಲ್ಲಿ ಕೂತು ಎಷ್ಟು ಹೊತ್ತಿಗೆ ಬರೀತೀರಿ ಅಂತ ಮೊದಲೇ ತೀರ್ಮಾನ ಮಾಡಿಸಿದ್ದರು. ಹಾಗೆ ತೀರ್ಮಾನ ಮಾಡಿದವರಲ್ಲಿ ಬರೆದು ಕಳಿಸಿದವರು ಉಳಿದವರ ಹೆಚ್ಚುಕಮ್ಮಿ ಎರಡರಷ್ಟು. ಎಲ್ಲರಿಗೂ ಗುರಿ ಒಂದೇ, ಆಸೆಯೂ ಒಂದೇ. ವ್ಯತ್ಯಾಸ ಒಂದು ಸಾಲಿನದ್ದು. 'ಚೆನ್ನಾಗಿ ಓದ್ತೀನಿ' ಅನ್ನೋದರ ಬದಲು 'ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದ ತಕ್ಷಣ, ಟೀವಿ ಹಾಕೋಕೆ ಮುಂಚೆ, ಜಗಲಿ ಮೇಲೆ ಕೂತು ನಾಲ್ಕು ಲೆಕ್ಕ ಮಾಡ್ತೀನಿ' ಅಂತ ಮಗು ತನ್ನದೇ ಮಾತಲ್ಲಿ ಹೇಳಬೇಕು. ಆಗ ಆ ಮಗುವಿನ ಮನೆಯಲ್ಲಿ ಓದೋಕೆ ಜಾಗ ಇದೆಯಾ, ಬೆಳಕಿದೆಯಾ, ಸಂಜೆ ಹೊತ್ತು ಅದರ ಕೈಯಲ್ಲಿದೆಯಾ ಅನ್ನೋದು ನಿಮಗೂ ಗೊತ್ತಾಗುತ್ತೆ. ಗೊತ್ತಾಗಬೇಕು.

ಮೂರನೆಯದು, ಗುರಿ ಬಿಡೋದನ್ನೂ ಕಲಿಸಿ. ಇದನ್ನ ಯಾವ ಕಾರ್ಯಾಗಾರದಲ್ಲೂ ಕಲಿಸಲ್ಲ. 'ಎಂದೂ ಬಿಟ್ಟುಕೊಡಬೇಡ' ಅನ್ನೋದೇ ಎಲ್ಲ ಪೋಸ್ಟರಿನ ಮಂತ್ರ. ಆದ್ರೆ ಯಾವ ಗುರಿ ತನ್ನದಲ್ಲ, ಯಾವುದಕ್ಕೆ ಹೊತ್ತು ಮೀರಿದೆ, ಯಾವುದನ್ನ ಬದಲಿಸಬೇಕು ಅಂತ ಗುರುತಿಸೋದೂ ಗುರಿ ಇಟ್ಕೊಳ್ಳುವ ವಿದ್ಯೆಯ ಅರ್ಧ ಭಾಗ. ನೀವೇ ಕೆಲಸ ಬದಲಿಸಿದಾಗ ಅದನ್ನ ಪಿವಟ್ ಅಂತ ಕರೆದು ಹೆಮ್ಮೆ ಪಡ್ತೀರಿ. ಮಗು ಪಿಸಿಎಂಬಿ ಬಿಟ್ಟು ಕಾಮರ್ಸಿಗೆ ಹೋಗ್ತೀನಿ ಅಂದ್ರೆ ಮನೆಯಲ್ಲಿ ಸಾವಾದ ಹಾಗೆ ಮುಖ ಮಾಡ್ತಾರೆ. ರಾಜಸ್ಥಾನದ ಕೋಟಾದಲ್ಲಿ 2023ರ ಆಗಸ್ಟಿನಲ್ಲಿ ಜಿಲ್ಲಾಡಳಿತ ಏನು ಆದೇಶ ಮಾಡ್ತು ಗೊತ್ತಲ್ಲ? ಕೋಚಿಂಗ್ ಮಕ್ಕಳಿರುವ ಹಾಸ್ಟೆಲು ಕೋಣೆಗಳ ಫ್ಯಾನಿಗೆ ಸ್ಪ್ರಿಂಗ್ ಹಾಕಿಸಿ ಅಂತ. ಒಂದು ಗುರಿಯಿಂದ ಇಳಿದು ಬರೋಕೆ ಮರ್ಯಾದೆಯ ಮೆಟ್ಟಿಲು ಕಟ್ಟಿಕೊಡದ ಸಮಾಜ ಕೊನೆಗೆ ಫ್ಯಾನಿಗೆ ಸ್ಪ್ರಿಂಗ್ ಹಾಕಬೇಕಾಗಿ ಬಂತು. ನಮ್ಮ ಪಿಯು ಹಾಸ್ಟೆಲುಗಳು ಬೇರೆ ಲೋಕದಲ್ಲೇನೂ ಇಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಬಾಗಿಲು ಎಲ್ಲಿದೆ ಅಂತ ತೋರಿಸಿ. ನಮಗೂ ಆ ಮಕ್ಕಳಿಗೂ ಇರುವ ದೊಡ್ಡ ವ್ಯತ್ಯಾಸ ಛಲದ್ದಲ್ಲ, ಮಾಹಿತಿಯದ್ದು. ನಿಮಗೆ ಅಣ್ಣನೋ ಚಿಕ್ಕಪ್ಪನೋ ಪಕ್ಕದ ಮನೆ ಆಂಟಿಯೋ ಹೇಳಿದ್ದನ್ನ ಅವರಿಗೆ ಹೇಳೋರಿಲ್ಲ.

ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಒಂಬತ್ತಕ್ಕೆ ಬಂದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ, ಆ ಬಾಗಿಲು ಆಗಲೇ ಮುಚ್ಚಿರುತ್ತೆ. ಪಿಯುಸಿಯಲ್ಲಿ ಗಣಿತ ತಗೊಳ್ಳದಿದ್ದರೆ ಸಿಇಟಿ ಮೂಲಕ ಎಂಜಿನಿಯರಿಂಗ್ ಇಲ್ಲ. ಆದ್ರೆ ಪಿಯುಸಿಯೊಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮಾಡಿ, ಡಿಪ್ಲೊಮಾ ಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. ಸರ್ಕಾರದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಹಳ್ಳಿಯ ಹುಡುಗಿಗೆ ಪಕ್ಕದ ತಾಲ್ಲೂಕಿನ ಕಾಲೇಜು ಬಸ್ ಚಾರ್ಜಿನಿಂದಾಗಿ ದೂರವಾಗಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಅವಳಿಗೆ ಉಚಿತ. ಅವಳ ಗುರಿಯ ಪಟ್ಟಿಯನ್ನ ನಮ್ಮ ಎಷ್ಟೋ ಭಾಷಣಗಳಿಗಿಂತ ಆ ಸೊನ್ನೆ ರೂಪಾಯಿಯ ಟಿಕೆಟ್ಟು ದೊಡ್ಡದು ಮಾಡಿದೆ.

"ಹಾಗಾದ್ರೆ ದೊಡ್ಡ ಕನಸು ಕಾಣಲೇಬಾರದಾ? ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತ ಬಡ ಮಕ್ಕಳಿಗೆ ಹೇಳ್ತಿದ್ದೀರಾ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಖಂಡಿತ ಇಲ್ಲ. ಹುಡುಗಿ ಐಎಎಸ್ ಅಂತ ಬರೆದಳಾ? ಭೇಷ್. ಚಪ್ಪಾಳೆ ತಟ್ಟಿ ಮುಂದಿನ ಬೆಂಚಿಗೆ ಹೋಗಬೇಡಿ, ಅಲ್ಲೇ ಕೂತ್ಕೊಳ್ಳಿ. ಇಪ್ಪತ್ತೊಂದು ವರ್ಷ ತುಂಬಿರಬೇಕು, ಯಾವ ವಿಷಯದಲ್ಲಾದರೂ ಪದವಿ ಸಾಕು ಅಂತ ಹೇಳಿ. ಮೇನ್ಸ್ ಪರೀಕ್ಷೆಯನ್ನ ಕನ್ನಡದಲ್ಲೇ ಬರೆಯಬಹುದು, ಆದ್ರೆ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷು-ಹಿಂದಿಯಲ್ಲಿ ಮಾತ್ರ ಇರುತ್ತೆ, ಹಾಗಾಗಿ ಈಗಿನಿಂದಲೇ ಇಂಗ್ಲಿಷ್ ಓದಿ ಅರ್ಥಮಾಡ್ಕೊಳ್ಳೋ ಅಭ್ಯಾಸ ಬೇಕು ಅಂತ ಹೇಳಿ. ದೇಶಕ್ಕೆಲ್ಲ ಸೇರಿ ಐಎಎಸ್ ಸೀಟು ಈಚಿನ ವರ್ಷಗಳಲ್ಲಿ 180ರ ಆಸುಪಾಸು ಅನ್ನೋದನ್ನೂ ಮುಚ್ಚಿಡಬೇಡಿ. ಅದೇ ಓದಿನಲ್ಲಿ ಕೆಪಿಎಸ್‌ಸಿಯ ಪರೀಕ್ಷೆಗಳನ್ನೂ ಬರೆಯಬಹುದು ಅಂತ ಸೇರಿಸಿ. ಅಷ್ಟು ಕೇಳಿದ ಮೇಲೂ ಅವಳು 'ಐಎಎಸ್ಸೇ' ಅಂದ್ರೆ ಆಗ ಅದು ಅವಳ ಗುರಿ. ಅದಕ್ಕೆ ಮುಂಚೆ ಅದು ನಮಗಾಗಿ ಬರೆದ ಉತ್ತರ.

ಕನಸನ್ನ ದೊಡ್ಡದು ಮಾಡೋದು ಪುಕ್ಕಟೆ ಕೆಲಸ, ಆದ್ದರಿಂದಲೇ ಎಲ್ರೂ ಅದನ್ನ ಮಾಡ್ತಾರೆ. ಆ ಕನಸಿನ ಪಕ್ಕ ಕೂತು ಅದರ ತಾರೀಕು, ಫೀಸು, ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಬಸ್ಸಿನ ಹೊತ್ತು ಇವನ್ನೆಲ್ಲ ಬರೆದುಕೊಡೋದು ಬೇಸರದ ಕೆಲಸ. ಫೋಟೋದಲ್ಲಿ ಚೆನ್ನಾಗಿ ಬರಲ್ಲ.

ಇನ್ನೊಂದು ಆಕ್ಷೇಪ: "ನಮಗಿರೋದು ಒಂದೇ ಶನಿವಾರ, ಅಷ್ಟರಲ್ಲಿ ಇದೆಲ್ಲ ಹೇಗೆ ಸಾಧ್ಯ?" ನಿಜ, ಸಾಧ್ಯ ಇಲ್ಲ. ಒಂದೇ ಶನಿವಾರ ಇದ್ದರೆ ಗುರಿ ಬರೆಸೋಕೆ ಹೋಗಬೇಡಿ. ಆ ಮೂರು ಗಂಟೆಯಲ್ಲಿ ಬಾಗಿಲುಗಳ ಪಟ್ಟಿಯನ್ನ ಅಚ್ಚು ಹಾಕಿಸ್ಕೊಂಡು ಹೋಗಿ, ಒಂದೊಂದನ್ನೇ ಓದಿ ಹೇಳಿ, ಗೋಡೆಗೆ ಅಂಟಿಸಿ ಬನ್ನಿ. ಮೇಷ್ಟ್ರುಗಳನ್ನ ಕೇಳಿ, ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತೆ. ಗಣತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿಗಳ ನಡುವೆ ಹೇಳೋಕೆ ಪುರುಸೊತ್ತು ಸಿಕ್ಕಿರಲ್ಲ ಅಷ್ಟೇ. ಅವರ ಒಂದು ದಿನದ ಆನ್‌ಲೈನ್ ಎಂಟ್ರಿ ನೀವು ಮಾಡಿಕೊಟ್ಟು, ಅವರನ್ನ ಕ್ಲಾಸಿಗೆ ಕಳಿಸಿದರೂ ಅದು ಕಾರ್ಯಾಗಾರಕ್ಕಿಂತ ದೊಡ್ಡ ಸೇವೆ.

ನಿಮ್ಮ ಬಗ್ಗೆ ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ. ನೀವು ಈ ಕೆಆರ್‌ಎ ಪದ್ಧತಿಯನ್ನ ಪ್ರೀತಿಸೋರೇನೂ ಅಲ್ಲ. ವರ್ಷದ ಕೊನೆಗೆ ಬೆಲ್ ಕರ್ವ್‌ನಲ್ಲಿ ನಿಮ್ಮನ್ನ ಎಲ್ಲೋ ತೂರಿಸಿದಾಗ, 'ಟಾರ್ಗೆಟ್ ನೀವೇ ಒಪ್ಕೊಂಡಿದ್ರಲ್ಲ' ಅಂತ ಮ್ಯಾನೇಜರ್ ಹೇಳಿದಾಗ, ನಿಮ್ಮ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಬಜೆಟ್ ಕೊಡಲಿಲ್ಲ, ಟೀಮಲ್ಲಿ ಇಬ್ಬರು ಬಿಟ್ಟುಹೋದರು, ಮಧ್ಯದಲ್ಲಿ ಪ್ರಾಜೆಕ್ಟೇ ಬದಲಾಯ್ತು. ಆದರೂ ಪೋರ್ಟಲ್‌ನಲ್ಲಿ ಸಹಿ ನಿಮ್ಮದು. ಈ ಸಂಕಟ ಗೊತ್ತಿರೋರು ನೀವು. ಅದನ್ನೇ ಎಬಿಸಿಡಿಯಷ್ಟು ಸರಳ ಮಾಡಿ, ಬಣ್ಣದ ಹಾಳೆಯಲ್ಲಿ ಹಚ್ಚಿ, ನಮಗಿಂತ ಕಮ್ಮಿ ಬಜೆಟ್ಟು, ಕಮ್ಮಿ ಟೀಮು ಇರುವ ಮಗುವಿಗೆ ದಾಟಿಸೋದನ್ನ ಸೇವೆ ಅಂತ ಕರೀಬೇಡಿ. ನಿಮ್ಮ ಅಪ್ರೈಸಲ್‌ನಲ್ಲಾದರೂ ಸಂಬಳ ಕೊಡ್ತಾರೆ.

ಈ ಜೂನ್‌ನಲ್ಲೂ ಆ ಮೇಲ್ ಬರುತ್ತೆ. ಹೆಸರು ಕೊಡೋಕೆ ಮುಂಚೆ ರಿಪ್ಲೈ ಒತ್ತಿ ಎರಡು ಪ್ರಶ್ನೆ ಕೇಳಿ. ಮಕ್ಕಳು ಗುರಿ ಬರೆದ ಮೇಲೆ ಅದರಲ್ಲಿ ನಮ್ಮ ಪಾಲಿನ ಕೆಲಸ ಏನು? ಅದೇ ಶಾಲೆಗೆ, ಅದೇ ಮಕ್ಕಳ ಹತ್ತಿರ, ಎರಡನೇ ಸಲ ಹೋಗೋದು ಯಾವ ತಾರೀಕು? ಎರಡಕ್ಕೂ ಉತ್ತರ ಬಂದರೆ ಹೋಗಿ, ನನ್ನನ್ನೂ ಕರೀರಿ. ಉತ್ತರ ಬರಲಿಲ್ಲ ಅಂದ್ರೆ ಆ ಕಾರ್ಯಾಗಾರಕ್ಕೇ ಗುರಿ ಇಲ್ಲ ಅಂತಾಯ್ತು. ಮಕ್ಕಳನ್ನ ಅವರ ಪಾಡಿಗೆ ಶನಿವಾರದ ಆಟಕ್ಕೆ ಬಿಡಿ.